ಚಿತ್ರದ ಅಡಿಯಲ್ಲಿ ಡೋಮ್‌ನ ಅಳತೆಯೂ ಇರಲಿ

ಸಂಪಾದಕರಿಗೆ,

ಮಾನ್ಯರೇ,

ಕಡಲಾಳದ ಚಿತ್ರಗಳು ಪತ್ರಿಕೆಯಲ್ಲಿ ಅಚ್ಚಾದಾಗ ಅವುಗಳ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಕ್ಯಾಮೆರಾ, ಲೆನ್ಸ್, ಅಪರ್ಚರ್, ಶಟರ್ ವೇಗ, ಐಎಸ್‌ಒ ಎಲ್ಲವೂ ಇರುತ್ತವೆ. ಲೆನ್ಸಿನ ಮುಂದೆ ಕೂತಿದ್ದ ಡೋಮ್ ಪೋರ್ಟ್, ಅಂದರೆ ಕ್ಯಾಮೆರಾವನ್ನು ನೀರಿನಿಂದ ಕಾಯುವ ಪೆಟ್ಟಿಗೆಯ ಗುಮ್ಮಟದಂಥ ಕಿಟಕಿಯ ಬಗ್ಗೆ ಮಾತ್ರ ಒಂದಕ್ಷರವೂ ಇರುವುದಿಲ್ಲ. ನೆಲದ ಮೇಲಿನ ಚಿತ್ರಕ್ಕೆ ಅಷ್ಟು ವಿವರ ಸಾಕು. ನೀರೊಳಗಿನ ಚಿತ್ರಕ್ಕೆ ಅದು ಅರ್ಧ ವಿವರ, ಅದೂ ದಾರಿ ತಪ್ಪಿಸುವ ಅರ್ಧ. ಆ ಸಾಲನ್ನು ಓದಿದ ಹೊಸಬರು ಅದೇ ವೈಡ್ ಝೂಮ್ ಕೊಳ್ಳುತ್ತಾರೆ, ಕೈಗೆ ಸಿಕ್ಕ ಡೋಮ್ ಸಿಕ್ಕಿಸುತ್ತಾರೆ, ನಾಲ್ಕೂ ಮೂಲೆ ಕಲಸಿಹೋದ ಮೇಲೆ ಲೆನ್ಸನ್ನು ಬೈಯುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ. ಡೋಮ್ ಎಂದರೆ ನೀರು ಒಳಗೆ ಬಾರದಂತೆ ತಡೆಯುವ ಕಿಟಕಿ ಅಷ್ಟೇ ಅಲ್ಲ. ನೀರಿಗೆ ಇಳಿದ ಕ್ಷಣದಿಂದ ಅದೂ ಒಂದು ಮಸೂರ. ಈ ಒಂದು ಸಂಗತಿ ತಿಳಿಯದೆ ಲೆನ್ಸ್ ಆರಿಸಲು ಹೊರಟರೆ ಹಣವೂ ಹೋಗುತ್ತದೆ, ಚಿತ್ರವೂ ಕೆಡುತ್ತದೆ.

ವೈಡ್ ಲೆನ್ಸ್ ಏಕೆ ಬೇಕು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಹೆಚ್ಚು ದೃಶ್ಯ ತುಂಬಿಸಿಕೊಳ್ಳಲು ಎಂದು ಹಲವರು ತಿಳಿದಿದ್ದಾರೆ. ನಿಜವಾದ ಕಾರಣ ಬೇರೆ: ಕ್ಯಾಮೆರಾಕ್ಕೂ ವಸ್ತುವಿಗೂ ನಡುವಿನ ನೀರನ್ನು ಕಡಿಮೆ ಮಾಡಲು. ನೀರು ಮೊದಲು ಕೆಂಪನ್ನು ಹೀರುತ್ತದೆ, ತೇಲುವ ಕಣಗಳು ಬೆಳಕನ್ನು ಚದುರಿಸುತ್ತವೆ, ಸ್ಟ್ರೋಬ್‌ನ (ನೀರೊಳಗಿನ ಫ್ಲ್ಯಾಶ್) ಬೆಳಕು ಬಣ್ಣ ಉಳಿಸಿಕೊಂಡು ತಲುಪುವುದು ಹೆಚ್ಚೆಂದರೆ ಒಂದು, ಒಂದೂವರೆ ಮೀಟರ್. ಎರಡು ಮೀಟರ್ ಉದ್ದದ ಪ್ರಾಣಿಯನ್ನು ಒಂದು ಮೀಟರ್ ದೂರದಿಂದ ಪೂರ್ತಿ ಹಿಡಿಯಬೇಕಾದರೆ ಅಗಲ ಕೋನ ಬೇಕೇ ಬೇಕು. ಹಾಗಾಗಿ ನೀರೊಳಗಿನ ವೈಡ್ ಲೆನ್ಸಿಗೆ ಹತ್ತಿರ ಫೋಕಸ್ ಆಗುವ ಗುಣವೂ ಕೋನದಷ್ಟೇ ಮುಖ್ಯ. ಅಂಗಡಿಯವರು ತೋರಿಸುವ ವಿವರಪಟ್ಟಿಯಲ್ಲಿ ಎಫ್/2.8ರಂಥ ಅಪರ್ಚರ್ ಸಂಖ್ಯೆಗಿಂತ (ಸಂಖ್ಯೆ ಹೆಚ್ಚಿದಷ್ಟೂ ಬೆಳಕಿನ ಕಂಡಿ ಕಿರಿದು) ಮೊದಲು ನೋಡಬೇಕಾದ್ದು ಕನಿಷ್ಠ ಫೋಕಸ್ ದೂರ.

ಚಪ್ಪಟೆ ಗಾಜಿನ ಪೋರ್ಟ್ ಏಕೆ ಆಗದು? ನೀರಿನ ವಕ್ರೀಭವನಾಂಕ 1.33. ಚಪ್ಪಟೆ ಗಾಜಿನ ಮೂಲಕ ನೋಡಿದಾಗ ನೀರಿನಿಂದ ಗಾಳಿಗೆ ಬರುವ ಕಿರಣಗಳು ಹೊರಕ್ಕೆ ಬಾಗುತ್ತವೆ, ದೃಶ್ಯ ಮೂರನೇ ಒಂದರಷ್ಟು ಹಿಗ್ಗಿ ಕಾಣುತ್ತದೆ, ಕೋನ ಕುಗ್ಗುತ್ತದೆ. ಫುಲ್‌ಫ್ರೇಮ್‌ನಲ್ಲಿ (36×24 ಮಿ.ಮೀ. ಸೆನ್ಸರ್‌ನ ಕ್ಯಾಮೆರಾ) 16 ಮಿ.ಮೀ. ಲೆನ್ಸಿನ ಕರ್ಣದ ಕೋನ ಗಾಳಿಯಲ್ಲಿ 107 ಡಿಗ್ರಿ. ಚಪ್ಪಟೆ ಪೋರ್ಟ್ ಹಿಂದೆ ಅದು ಸುಮಾರು 74ಕ್ಕೆ ಇಳಿಯುತ್ತದೆ, ಅಂದರೆ 28 ಮಿ.ಮೀ. ಲೆನ್ಸ್ ಗಾಳಿಯಲ್ಲಿ ಕೊಡುವಷ್ಟು. ಎಂಥ ಲೆನ್ಸ್ ಹಾಕಿದರೂ ಚಪ್ಪಟೆ ಗಾಜಿನ ಮೂಲಕ 97 ಡಿಗ್ರಿಗಿಂತ ಹೆಚ್ಚು ನೋಡಲು ಭೌತಶಾಸ್ತ್ರವೇ ಬಿಡುವುದಿಲ್ಲ. ಜೊತೆಗೆ ಅಂಚಿನಲ್ಲಿ ಬಣ್ಣಗಳು ಬೇರೆಬೇರೆ ಪ್ರಮಾಣದಲ್ಲಿ ಬಾಗಿ ಬಿಳಿ ಗೆರೆಗೆ ನೀಲಿ-ಕೆಂಪು ಅಂಚು ಹತ್ತುತ್ತದೆ. ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವ ಮ್ಯಾಕ್ರೊ ಲೆನ್ಸಿಗೆ ಚಪ್ಪಟೆ ಪೋರ್ಟ್ ಒಳ್ಳೆಯದು, ವೈಡ್ ಲೆನ್ಸಿಗೆ ಅಲ್ಲ.

ಗೋಳದ ಆಕಾರದ ಡೋಮ್ ಹಾಕಿ, ಲೆನ್ಸಿನ ಎಂಟ್ರೆನ್ಸ್ ಪ್ಯೂಪಿಲ್ (ಮುಂದಿನಿಂದ ನೋಡಿದಾಗ ಅಪರ್ಚರ್ ಇರುವಂತೆ ಕಾಣುವ ಜಾಗ) ಆ ಗೋಳದ ಕೇಂದ್ರದಲ್ಲೇ ಬರುವಂತೆ ಕೂರಿಸಿದರೆ, ಎಲ್ಲ ದಿಕ್ಕಿನ ಮುಖ್ಯ ಕಿರಣಗಳೂ ಡೋಮ್‌ನ ಮೇಲ್ಮೈಗೆ ಲಂಬವಾಗಿ ಬಡಿದು ಬಾಗದೆ ಒಳಗೆ ಬರುತ್ತವೆ. ಕೋನ ಪೂರ್ತಿ ಉಳಿಯುತ್ತದೆ, ಬಣ್ಣದ ಅಂಚೂ ಹೋಗುತ್ತದೆ. ಆದರೆ ಇದಕ್ಕೆ ತೆರಬೇಕಾದ ಬೆಲೆ ಒಂದಿದೆ. ಹೊರಗೆ ನೀರು, ಒಳಗೆ ಗಾಳಿ ಇರುವಾಗ ಆ ಉಬ್ಬು ಮೇಲ್ಮೈ ನಿಮ್ನ ಮಸೂರದಂತೆ ಕೆಲಸ ಮಾಡಿ ಮಿಥ್ಯ ಬಿಂಬ ಕಟ್ಟುತ್ತದೆ. ಲೆನ್ಸ್ ಫೋಕಸ್ ಮಾಡುವುದು ಎದುರಿಗಿರುವ ಮೀನಿನ ಮೇಲೆ ಅಲ್ಲ, ಆ ಬಿಂಬದ ಮೇಲೆ. ಕನ್ನಡಿಯೊಳಗಿನ ಗಂಟಿನ ಹಾಗೆ. ವ್ಯತ್ಯಾಸ ಇಷ್ಟೇ, ಇಲ್ಲಿ ಆ ಗಂಟೇ ನಮ್ಮ ಕೈಗೆ ಸಿಗುವುದು.

ಆ ಬಿಂಬ ಎಲ್ಲಿರುತ್ತದೆ ಎಂಬ ಲೆಕ್ಕ ಸರಳ. ಅನಂತ ದೂರದ ವಸ್ತುವಿನ ಬಿಂಬ ಡೋಮ್‌ನ ಮೇಲ್ಮೈಯಿಂದ ಮೂರು ತ್ರಿಜ್ಯದಷ್ಟು ಮುಂದೆ, ಅಂದರೆ ಗೋಳದ ಕೇಂದ್ರದಿಂದ ನಾಲ್ಕು ತ್ರಿಜ್ಯದಷ್ಟು ದೂರದಲ್ಲಿ ನಿಲ್ಲುತ್ತದೆ. ತ್ರಿಜ್ಯ 100 ಮಿ.ಮೀ. ಇದ್ದರೆ ಡೋಮ್‌ನಿಂದ 30 ಸೆಂ.ಮೀ., ತ್ರಿಜ್ಯ 50 ಮಿ.ಮೀ. ಇದ್ದರೆ ಬರೀ 15 ಸೆಂ.ಮೀ. ಹತ್ತಿರದ ವಸ್ತುವಿನ ಬಿಂಬ ಇನ್ನೂ ಹತ್ತಿರ. 100 ಮಿ.ಮೀ. ತ್ರಿಜ್ಯದ ಡೋಮ್‌ಗೆ 10 ಸೆಂ.ಮೀ. ಎದುರಿಗೆ ಒಂದು ಹವಳ ಇದ್ದರೆ ಅದರ ಬಿಂಬ 6 ಸೆಂ.ಮೀ.ನಲ್ಲಿರುತ್ತದೆ. ಅಂದರೆ 10 ಸೆಂ.ಮೀ.ನಿಂದ ಕಣ್ಣು ಕಾಣದಷ್ಟು ದೂರದವರೆಗಿನ ಇಡೀ ಕಡಲು ಡೋಮ್‌ನ ಮುಂದಿನ 6 ಮತ್ತು 30 ಸೆಂ.ಮೀ. ನಡುವೆ, ಒಂದು ಗೇಣಿನಷ್ಟು ಜಾಗದಲ್ಲಿ ಮಡಿಸಿ ಇಟ್ಟಂತಿರುತ್ತದೆ.

ಈಗ ಲೆನ್ಸ್ ಆಯ್ಕೆಗೆ ಬರೋಣ. ಕನಿಷ್ಠ ಫೋಕಸ್ ದೂರವನ್ನು ತಯಾರಕರು ಅಳೆಯುವುದು ಸೆನ್ಸರ್‌ನಿಂದ, ಲೆನ್ಸಿನ ಮೂತಿಯಿಂದ ಅಲ್ಲ. ಫುಲ್‌ಫ್ರೇಮ್‌ನ 16–35 ಮಿ.ಮೀ. ಝೂಮ್‌ಗಳಲ್ಲಿ ಬಹುಪಾಲಿಗೆ ಅದು 28 ಸೆಂ.ಮೀ. ಎಂಟ್ರೆನ್ಸ್ ಪ್ಯೂಪಿಲ್ ಸೆನ್ಸರ್‌ನಿಂದ 12 ಸೆಂ.ಮೀ. ಮುಂದಿದೆ ಎಂದಿಟ್ಟುಕೊಳ್ಳಿ. 100 ಮಿ.ಮೀ. ತ್ರಿಜ್ಯದ ಡೋಮ್‌ನ ಮೇಲ್ಮೈ ಅಲ್ಲಿಂದ ಇನ್ನೂ 10 ಸೆಂ.ಮೀ. ಆಚೆ. 28ರಲ್ಲಿ 22 ಕಳೆದರೆ 6 ಉಳಿಯಿತು. ಡೋಮ್‌ಗೆ 6 ಸೆಂ.ಮೀ. ಎದುರಿನ ಬಿಂಬ ಎಂದರೆ 10 ಸೆಂ.ಮೀ. ಎದುರಿನ ನಿಜವಾದ ವಸ್ತು. ಈ ಜೋಡಿ ಚೆನ್ನಾಗಿ ಕೂಡುತ್ತದೆ. ಅದೇ ಲೆನ್ಸಿಗೆ 50 ಮಿ.ಮೀ. ತ್ರಿಜ್ಯದ ಪುಟ್ಟ ಡೋಮ್ ಹಾಕಿ ನೋಡಿ. 28ರಲ್ಲಿ 12 ಮತ್ತು 5 ಕಳೆದರೆ 11 ಸೆಂ.ಮೀ. ಆ ಡೋಮ್‌ನಲ್ಲಿ 11 ಸೆಂ.ಮೀ. ಬಿಂಬ ಕೊಡುವ ವಸ್ತು 55 ಸೆಂ.ಮೀ. ದೂರದಲ್ಲಿರಬೇಕು. ಅದಕ್ಕಿಂತ ಹತ್ತಿರದ್ದು ಯಾವುದೂ ಫೋಕಸ್ ಆಗದು. ಕನಿಷ್ಠ ಫೋಕಸ್ ದೂರ 38 ಸೆಂ.ಮೀ. ಇರುವ ಸಾಮಾನ್ಯ ಝೂಮ್ ಅನ್ನು ಅಲ್ಲಿ ಕೂರಿಸಿದರೆ ಅನಂತ ದೂರದ ಬಿಂಬವೂ ಅದರ ಕೈಗೆಟುಕುವುದಿಲ್ಲ. ಆಟೊಫೋಕಸ್ ಹಿಂದೆ ಮುಂದೆ ಒದ್ದಾಡುತ್ತಲೇ ಇರುತ್ತದೆ, ಕ್ಯಾಮೆರಾ ಕೆಟ್ಟಿದೆ ಎಂದು ದುರಸ್ತಿಗೆ ಒಯ್ಯುವವರಿದ್ದಾರೆ!

ಇಲ್ಲೊಂದು ಎಚ್ಚರಿಕೆ. ಡೋಮ್‌ನ ಮೇಲೆ ಬರೆದ 6 ಇಂಚು, 8 ಇಂಚು, 230 ಮಿ.ಮೀ. ಎಂಬುದು ವ್ಯಾಸ. ಡೋಮ್ ಪೂರ್ತಿ ಅರ್ಧಗೋಳವಾಗಿದ್ದರೆ ಮಾತ್ರ ತ್ರಿಜ್ಯ ಅದರ ಅರ್ಧ. ಎಷ್ಟೋ ಡೋಮ್‌ಗಳು ದೊಡ್ಡ ಗೋಳದಿಂದ ಕತ್ತರಿಸಿದ ಚಿಪ್ಪುಗಳು. ವ್ಯಾಸ ಚಿಕ್ಕದಿದ್ದರೂ ಅವುಗಳ ವಕ್ರತಾ ತ್ರಿಜ್ಯ ದೊಡ್ಡದು. ಬಾಯಿಯ ಅಗಲವನ್ನೂ ಉಬ್ಬಿನ ಎತ್ತರವನ್ನೂ ಅಳೆದರೆ ತ್ರಿಜ್ಯ ಸಿಗುತ್ತದೆ: ಅಗಲದ ಅರ್ಧದ ವರ್ಗಕ್ಕೆ ಎತ್ತರದ ವರ್ಗ ಕೂಡಿಸಿ, ಎತ್ತರದ ಎರಡರಷ್ಟರಿಂದ ಭಾಗಿಸಿ. ಅಗಲ 170 ಮಿ.ಮೀ., ಎತ್ತರ 50 ಮಿ.ಮೀ. ಇದ್ದರೆ ತ್ರಿಜ್ಯ 97 ಮಿ.ಮೀ. ಬಳಸಿದ ಡೋಮ್ ಕೊಳ್ಳುವಾಗ ಒಂದು ಸ್ಕೇಲ್ ಜೇಬಿನಲ್ಲಿರಲಿ.

ಮೂಲೆಗಳ ಮಸುಕಿಗೆ ಬರುತ್ತೇನೆ, ಏಕೆಂದರೆ ದೂರುಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ. ಡೋಮ್ ಕಟ್ಟುವ ಬಿಂಬ ಚಪ್ಪಟೆಯಾದ ಪರದೆಯಲ್ಲ, ಅದೂ ಒಂದು ಬೋಗುಣಿ. 100 ಮಿ.ಮೀ. ತ್ರಿಜ್ಯದ ಡೋಮ್‌ನಲ್ಲಿ ಅನಂತದ ಬಿಂಬ ಕೇಂದ್ರದಿಂದ 400 ಮಿ.ಮೀ. ತ್ರಿಜ್ಯದ ಗೋಳದ ಮೇಲಿರುತ್ತದೆ. ಆದರೆ ಗೆರೆಗಳನ್ನು ನೆಟ್ಟಗೆ ತೋರಿಸುವ ರೆಕ್ಟಿಲೀನಿಯರ್ ಲೆನ್ಸ್ ಚಪ್ಪಟೆ ತಲದ ಮೇಲೆ ಫೋಕಸ್ ಮಾಡುವಂತೆ ತಯಾರಾದದ್ದು. 16 ಮಿ.ಮೀ.ನಲ್ಲಿ ಚಿತ್ರದ ಮೂಲೆ ನಡುವಿನಿಂದ 53.5 ಡಿಗ್ರಿ ಆಚೆ ಇದೆ. ಅಲ್ಲಿನ ಬಿಂಬವನ್ನು ಕ್ಯಾಮೆರಾದ ನೇರದಲ್ಲಿ ಅಳೆದರೆ 238 ಮಿ.ಮೀ. ದೂರವಷ್ಟೇ. ನಡುವಿನ 400ಕ್ಕೆ ಫೋಕಸ್ ಮಾಡಿದ ಲೆನ್ಸಿಗೆ 238ರಲ್ಲಿರುವುದು ಸ್ಪಷ್ಟವಾಗಿ ಕಾಣುವುದಾದರೂ ಹೇಗೆ? 24 ಮಿ.ಮೀ.ಗೆ ಝೂಮ್ ಮಾಡಿದರೆ ಮೂಲೆಯ ಬಿಂಬ 297ಕ್ಕೂ 35ರಲ್ಲಿ 340ಕ್ಕೂ ಬರುತ್ತದೆ. ಝೂಮ್ ಒಳಗೆಳೆದಷ್ಟೂ ಮೂಲೆ ತಾನಾಗಿ ಸರಿಹೋಗುವುದು ಈ ಕಾರಣದಿಂದ. ಆದ್ದರಿಂದ 14 ಮಿ.ಮೀ.ನಿಂದ ಶುರುವಾಗುವ ಝೂಮ್ ಎಂದು ಹಿಗ್ಗಬೇಡಿ. ಸಾಧಾರಣ ಡೋಮ್ ಹಿಂದೆ ಆ ಕೊನೆಯ ಎರಡು ಮಿಲಿಮೀಟರ್ ಹೆಚ್ಚಾಗಿ ಕತ್ತರಿಸಿ ಎಸೆಯುವ ಅಂಚೇ ಆಗುತ್ತದೆ.

ಮದ್ದು ಎರಡು. ಅಪರ್ಚರ್ ಕಿರಿದು ಮಾಡುವುದು, ಮತ್ತು ಫೋಕಸ್ ಎಲ್ಲಿ ಇಡಬೇಕೆಂದು ತಿಳಿಯುವುದು. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ನಡುವೆ ನೀಲಿ ನೀರಿಗೆ ಫೋಕಸ್ ಮಾಡಿ ಎಫ್/11 ಇಟ್ಟರೂ ಮೂಲೆ ಪೂರ್ತಿ ಸರಿಹೋಗದು. 100 ಮಿ.ಮೀ. ತ್ರಿಜ್ಯದ ಡೋಮ್‌ನಿಂದ ಸುಮಾರು 80 ಸೆಂ.ಮೀ. ದೂರದ ವಸ್ತುವಿಗೆ ಫೋಕಸ್ ಮಾಡಿದರೆ ಬಿಂಬದ ತಲ ಕೇಂದ್ರದಿಂದ 300 ಮಿ.ಮೀ.ಗೆ ಬರುತ್ತದೆ, 238 ಮತ್ತು 400 ಎರಡೂ ಅದರ ತೆಕ್ಕೆಗೆ ಸಿಗುತ್ತವೆ. ಹೀಗೆ ತ್ರಿಜ್ಯದ ಎಂಟರಷ್ಟು ದೂರಕ್ಕೆ ಫೋಕಸ್ ಇಟ್ಟಾಗ, ಫುಲ್‌ಫ್ರೇಮ್‌ಗೆ ರೂಢಿಯ 0.03 ಮಿ.ಮೀ. ಮಸುಕುವೃತ್ತ (ಒಂದು ಚುಕ್ಕೆ ಇಷ್ಟರೊಳಗೆ ಹರಡಿದರೆ ಸ್ಪಷ್ಟ ಎಂದೇ ಎಣಿಸುವ ಮಿತಿ) ಹಿಡಿದು ಲೆಕ್ಕ ಹಾಕಿದರೆ, 16 ಮಿ.ಮೀ.ನಲ್ಲಿ ಮೂಲೆಯನ್ನೂ ಅನಂತವನ್ನೂ ಒಟ್ಟಿಗೆ ಹಿಡಿಯಲು 100 ಮಿ.ಮೀ. ತ್ರಿಜ್ಯಕ್ಕೆ ಎಫ್/7.3 ಬೇಕು, 75 ಮಿ.ಮೀ. ತ್ರಿಜ್ಯಕ್ಕೆ ಎಫ್/9.8, 50 ಮಿ.ಮೀ. ತ್ರಿಜ್ಯಕ್ಕೆ ಎಫ್/14.6. ತ್ರಿಜ್ಯ ಅರ್ಧವಾದರೆ ಎಫ್ ಸಂಖ್ಯೆ ಇಮ್ಮಡಿ, ಇದೇ ಸೂತ್ರ. 0.03 ಹಳೆಯ, ಉದಾರವಾದ ಅಳತೆ. ಇಂದಿನ ಸೆನ್ಸರ್‌ಗಳ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕುವುದಾದರೆ ಇನ್ನೊಂದು ಸ್ಟಾಪ್ (ಬೆಳಕನ್ನು ಅರ್ಧಕ್ಕಿಳಿಸುವ ಒಂದು ಮೆಟ್ಟಿಲು) ಸೇರಿಸಿ. ದೊಡ್ಡ ಡೋಮ್ ಇದ್ದೂ ಅನುಭವಿಗಳು ಎಫ್/11, ಎಫ್/13ರಲ್ಲೇ ನಿಲ್ಲುವುದು ಇದಕ್ಕೇ. ಎಫ್/16 ದಾಟಿದರೆ ವಿವರ್ತನೆಯಿಂದ, ಅಂದರೆ ಕಿರಿದಾದ ಕಂಡಿಯಲ್ಲಿ ಬೆಳಕು ಹರಡುವುದರಿಂದ, ಇಡೀ ಚಿತ್ರ ಸ್ವಲ್ಪ ಮೆತ್ತಗಾಗುತ್ತದೆ, ಸ್ಟ್ರೋಬ್‌ಗಳೂ ಪೂರ್ತಿ ಶಕ್ತಿಯಲ್ಲಿ ಉರಿಯಬೇಕಾಗುತ್ತದೆ.

ಮೂಲೆಯಲ್ಲಿ ನೀಲಿ ನೀರು ಮಾತ್ರ ಇದ್ದರೆ ಮಸುಕು ಯಾರ ಕಣ್ಣಿಗೂ ಬೀಳದು. ಕೆಳಗಿನ ಎರಡು ಮೂಲೆಗಳಲ್ಲಿ ಹತ್ತಿರದ ಮರಳೋ ಹವಳವೋ ಬಂದಾಗ ಬಣ್ಣ ಬಯಲಾಗುತ್ತದೆ, ಏಕೆಂದರೆ ಹತ್ತಿರದ ವಸ್ತುವಿನ ಬಿಂಬ 238ಕ್ಕಿಂತಲೂ ಈಚೆಗೆ ಬಂದಿರುತ್ತದೆ. ಚೌಕಟ್ಟು ಕಟ್ಟುವಾಗ ಆ ಮೂಲೆಗಳಿಂದ ನೆಲವನ್ನು ದೂರವಿಟ್ಟರೆ ಅರ್ಧ ಸಮಸ್ಯೆ ಕಾಸು ಖರ್ಚಿಲ್ಲದೆ ಹೋಯಿತು.

ಚಿಕ್ಕ ಸೆನ್ಸರ್‌ನವರಿಗೆ ಇಲ್ಲಿ ಒಂದು ಸಮಾಧಾನವಿದೆ. ಫುಲ್‌ಫ್ರೇಮ್‌ನ ಅರ್ಧದಷ್ಟು ಕರ್ಣದ ಸೆನ್ಸರ್ ಇರುವ ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 8 ಮಿ.ಮೀ. ಲೆನ್ಸ್ ಹೆಚ್ಚುಕಡಿಮೆ ಅದೇ ಕೋನ ಕೊಡುತ್ತದೆ, ಆದರೆ ಫುಲ್‌ಫ್ರೇಮ್‌ಗೆ ಎಫ್/7.3 ಬೇಕಾದಲ್ಲಿ ಅದಕ್ಕೆ ಎಫ್/3.7 ಸಾಕು. ಕನಿಷ್ಠ ಫೋಕಸ್ ದೂರವೂ ಕಡಿಮೆ: ಒಲಿಂಪಸ್ 7–14 ಮಿ.ಮೀ. ಎಫ್/2.8ಕ್ಕೆ 20 ಸೆಂ.ಮೀ. ಲೆನ್ಸೂ ಗಿಡ್ಡ. ಹಾಗಾಗಿ 170–180 ಮಿ.ಮೀ. ವ್ಯಾಸದ ಡೋಮ್ ಅವರಿಗೆ ಧಾರಾಳ. ಎಪಿಎಸ್-ಸಿ ಅಳತೆಯ ಸೆನ್ಸರ್ ಇವೆರಡರ ನಡುವೆ ಬರುತ್ತದೆ. ಕೆನಾನ್ 10–18 ಮಿ.ಮೀ. 22 ಸೆಂ.ಮೀ.ಗೆ ಫೋಕಸ್ ಆಗುತ್ತದೆ. ಟೋಕಿನಾ 11–16ಕ್ಕೆ 30 ಸೆಂ.ಮೀ. ಬೇಕು. ಬೆಳಕು ಒಳಬಿಡುವುದರಲ್ಲಿ ಎರಡನೆಯದು ಮೇಲು, ನೀರೊಳಗೆ ಮೊದಲನೆಯದೇ ಹೆಚ್ಚು ಉಪಯೋಗಿ ಎಂಬುದು ನನ್ನ ಅಭಿಪ್ರಾಯ. ಎಫ್/8ರಲ್ಲಿ ತೆಗೆಯುವವರಿಗೆ ಎಫ್/2.8 ಇದ್ದೇನು ಪ್ರಯೋಜನ?

ಗೆರೆಗಳನ್ನು ಬಾಗಿಸಿ ತೀರ ಅಗಲ ಕೋನ ತೋರಿಸುವ ಫಿಶ್‌ಐ ಲೆನ್ಸಿನ ಕಥೆ ಬೇರೆ. ಅದರ ಫೋಕಸ್ ತಲವೇ ಬಾಗಿರುತ್ತದೆ, ಬಾಗಿದ ಬಿಂಬಕ್ಕೆ ಹೊಂದಿಕೊಳ್ಳುತ್ತದೆ. ಟೋಕಿನಾ 10–17 ಮಿ.ಮೀ. ಫಿಶ್‌ಐ ಝೂಮ್ ಎಪಿಎಸ್-ಸಿಯಲ್ಲಿ 180ರಿಂದ 100 ಡಿಗ್ರಿ ಕೊಡುತ್ತದೆ, 14 ಸೆಂ.ಮೀ.ಗೆ ಫೋಕಸ್ ಆಗುತ್ತದೆ. 100 ಮಿ.ಮೀ. ವ್ಯಾಸದ ಪುಟ್ಟ ಡೋಮ್ ಹಿಂದೆ ಕೂತು, ಡೋಮ್‌ಗೆ ತಾಗುವಷ್ಟು ಹತ್ತಿರದ ವಸ್ತುವನ್ನೂ ಹಿಡಿಯುತ್ತದೆ. ಗಾಳಿಯಲ್ಲಿ ಅಷ್ಟೇನೂ ಹೆಸರಿಲ್ಲದ ಆ ಲೆನ್ಸ್ ನೀರೊಳಗಿನವರ ಅಚ್ಚುಮೆಚ್ಚಾದದ್ದು ಈ ಗುಣದಿಂದ. ಫುಲ್‌ಫ್ರೇಮ್‌ನವರು ಕೆನಾನ್ ಅಥವಾ ನಿಕಾನ್‌ನ 8–15 ಮಿ.ಮೀ. ಫಿಶ್‌ಐ ಕೊಂಡು ಮೋಸಹೋಗುವ ಒಂದು ಸಂಗತಿಯಿದೆ: ಅದು ಹೆಸರಿಗೆ ಝೂಮ್, ಫುಲ್‌ಫ್ರೇಮ್‌ನಲ್ಲಿ 8ಕ್ಕೆ ದುಂಡು ಚಿತ್ರ, 15ಕ್ಕೆ ಚೌಕಟ್ಟು ತುಂಬುವ ಚಿತ್ರ, ನಡುವೆ ಕಪ್ಪು ಮೂಲೆಗಳು. ನಿಜವಾದ ಝೂಮ್ ಬೇಕಾದರೆ ಹಿಂದೆ 1.4 ಪಟ್ಟಿನ ಟೆಲಿಕನ್ವರ್ಟರ್ (ಫೋಕಲ್ ದೂರ ಹೆಚ್ಚಿಸುವ ಜೋಡಣೆ ಮಸೂರ) ಹಾಕುತ್ತಾರೆ, ಆಗ ಅದು ಸುಮಾರು 11–21 ಮಿ.ಮೀ. ಆಗುತ್ತದೆ. ಟೆಲಿಕನ್ವರ್ಟರ್ ಲೆನ್ಸನ್ನು ಮುಂದಕ್ಕೆ ತಳ್ಳುವುದರಿಂದ ಕ್ಯಾಮೆರಾ ಪೆಟ್ಟಿಗೆಗೂ ಡೋಮ್‌ಗೂ ನಡುವೆ ಹಾಕುವ ಉಂಗುರ, ಎಕ್ಸ್‌ಟೆನ್ಷನ್ ರಿಂಗ್, ಕೂಡ ಅಷ್ಟೇ ಉದ್ದ ಹೆಚ್ಚಬೇಕು. ಆ ಜೋಡಿ ಕೂಡುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ, ಎಲ್ಲ ಲೆನ್ಸಿನ ಹಿಂಬದಿಯೂ ಟೆಲಿಕನ್ವರ್ಟರ್‌ಗೆ ಜಾಗ ಕೊಡುವುದಿಲ್ಲ.

ಹಾಗಾದರೆ ಎಲ್ಲರೂ ಫಿಶ್‌ಐ ಕೊಳ್ಳಬೇಕೇ? ಹವಳದ ಗೋಡೆ, ಮೀನಿನ ಹಿಂಡು, ಗುಹೆಯ ಬಾಯಿ ಇವಕ್ಕೆ ಕೊಳ್ಳಬಹುದು; ಅಲ್ಲಿ ನೇರ ಗೆರೆಗಳಿಲ್ಲ, ಬಾಗಿದ್ದು ಗೊತ್ತಾಗದು. ಹತ್ತಿರ ಬಾರದ ಪ್ರಾಣಿಗಳಿಗೆ ಫಿಶ್‌ಐ ಆಗದು: ಮೂರು ಮೀಟರ್ ಆಚೆಯ ಶಾರ್ಕ್ ಅದರಲ್ಲಿ ಹಲ್ಲಿಯಷ್ಟು ಕಾಣುತ್ತದೆ. ಡಾಲ್ಫಿನ್, ತಿಮಿಂಗಿಲ, ಈಜುವ ಮನುಷ್ಯರು, ಮುಳುಗಿದ ಹಡಗಿನ ಕಂಬ-ಕಟಕಟೆಗಳು ಇವಕ್ಕೆ ರೆಕ್ಟಿಲೀನಿಯರ್ ಝೂಮ್ ಬೇಕು. ಮನುಷ್ಯರ ಮುಖ ಮೂಲೆಗೆ ಬಂದರೆ ರೆಕ್ಟಿಲೀನಿಯರ್ ಕೂಡ ಅದನ್ನು ಎಳೆದು ಉದ್ದ ಮಾಡುತ್ತದೆ, ಆ ದೋಷ ಡೋಮ್‌ನದಲ್ಲ.

ಮೂರನೆಯ ದಾರಿಯೂ ಇದೆ: ನೀರಿಗಾಗಿಯೇ ಲೆಕ್ಕ ಹಾಕಿದ ಮಸೂರ. ಇದು ಹೊಸದೇನಲ್ಲ. 1963ರ ನಿಕೊನೊಸ್ ಕ್ಯಾಮೆರಾದ ಸಾಲಿಗೆ ಮುಂದೆ ಬಂದ 15 ಮಿ.ಮೀ. ಯುಡಬ್ಲ್ಯು-ನಿಕ್ಕೊರ್ ಲೆನ್ಸ್ ನೀರಿಗೆ ನೇರ ತಾಗಿಕೊಂಡೇ 94 ಡಿಗ್ರಿ ನೋಡುತ್ತಿತ್ತು. 1992ರ ನಿಕೊನೊಸ್ ಆರ್‌ಎಸ್‌ಗೆ 20–35 ಮಿ.ಮೀ. ನೀರೊಳಗಿನ ಝೂಮ್ ಕೂಡ ಇತ್ತು. ಈಗ ಅದೇ ವಿಚಾರ ಬೇರೆ ರೂಪದಲ್ಲಿ ಬಂದಿದೆ: 28 ಮಿ.ಮೀ.ನಿಂದ ಶುರುವಾಗುವ ಸಾಧಾರಣ ಝೂಮ್ ಮುಂದೆ ನಾಟಿಕ್ಯಾಮ್ ಕಂಪನಿಯ ಡಬ್ಲ್ಯುಡಬ್ಲ್ಯುಎಲ್-1 ಅಥವಾ ಡಬ್ಲ್ಯುಎಸಿಪಿ-1 ಹಾಕಿದರೆ ಅಗಲದ ತುದಿಯಲ್ಲಿ 130 ಡಿಗ್ರಿ ಸಿಗುತ್ತದೆ. ಬಾಗಿದ ಬಿಂಬವನ್ನು ಆ ಮಸೂರಗಳೇ ತಿದ್ದುವುದರಿಂದ ಮೂಲೆಗಾಗಿ ಎಫ್/11ಕ್ಕೆ ಹೋಗಬೇಕಿಲ್ಲ, ಒಂದೆರಡು ಸ್ಟಾಪ್ ತೆರೆದೇ ತೆಗೆಯಬಹುದು. ಗೆರೆ ಸ್ವಲ್ಪ ಹೊರಕ್ಕೆ ಉಬ್ಬುತ್ತದೆ. ನೀರಿನಲ್ಲಿ ಸಿಕ್ಕಿಸುವ ಬಗೆಯದಾದರೆ ಇಳಿದ ಕೂಡಲೇ ಒಮ್ಮೆ ಬಿಚ್ಚಿ, ಪೋರ್ಟ್‌ಗೂ ಮಸೂರಕ್ಕೂ ನಡುವೆ ಸಿಕ್ಕಿದ ಗಾಳಿಗುಳ್ಳೆಗಳನ್ನು ಹೊರಗೆ ಬಿಡಬೇಕು. ಒಂದು ಗುಳ್ಳೆ ಉಳಿದರೂ ಚಿತ್ರದ ನಡುವೆ ಕಲೆ. ಇವು ಅರ್ಧ ನೀರು, ಅರ್ಧ ಆಕಾಶದ ಚಿತ್ರಕ್ಕೆ ಉಪಯೋಗವಿಲ್ಲ.

ಆ ಅರ್ಧರ್ಧದ ಚಿತ್ರಕ್ಕೆ ದೊಡ್ಡ ಡೋಮ್ ಬಿಟ್ಟರೆ ಬೇರೆ ಉತ್ತರವಿಲ್ಲ. ನೀರಿನ ಅಂಚು ಡೋಮ್‌ಗೆ ಅಂಟಿ ಏರುವ ಪಟ್ಟಿ ಚಿಕ್ಕ ಡೋಮ್‌ನಲ್ಲಿ ಚಿತ್ರದ ಅಡ್ಡಕ್ಕೆ ದಪ್ಪ ಗೆರೆಯಾಗುತ್ತದೆ, 230 ಮಿ.ಮೀ. ವ್ಯಾಸದ ಡೋಮ್‌ನಲ್ಲಿ ತೆಳುವಾಗುತ್ತದೆ, ಅಲೆಯೂ ಅಷ್ಟು ಬೇಗ ಇಡೀ ಡೋಮ್ ಮುಚ್ಚದು. ಫೋಕಸ್ ನೀರೊಳಗಿನ ಅರ್ಧಕ್ಕೆ ಇಟ್ಟು ಎಫ್/13–16ಕ್ಕೆ ಹೋಗಿ. ಗಾಳಿಯ ಅರ್ಧ ನಿಜವಾದ ದೂರದಲ್ಲಿದೆ, ನೀರಿನ ಅರ್ಧ ಡೋಮ್ ಮುಂದಿನ ಮೂರು ತ್ರಿಜ್ಯದಷ್ಟು ದೂರದ ಒಳಗಿದೆ ಎಂಬುದು ನೆನಪಿರಲಿ.

ದೊಡ್ಡ ಡೋಮ್ ಹೊತ್ತು ತಿರುಗುವುದು ಸುಲಭವೂ ಅಲ್ಲ. ತೇಲುವ ಬಲ ತ್ರಿಜ್ಯದ ಘನಕ್ಕೆ ತಕ್ಕಂತೆ ಏರುತ್ತದೆ. 50 ಮಿ.ಮೀ. ತ್ರಿಜ್ಯದ ಅರ್ಧಗೋಳ ಕಾಲು ಲೀಟರ್ ನೀರನ್ನು ಸರಿಸಿದರೆ 100 ಮಿ.ಮೀ.ನದು 2.1 ಲೀಟರ್, 115 ಮಿ.ಮೀ.ನದು 3.2 ಲೀಟರ್. ಡೋಮ್‌ನ ಮತ್ತು ಲೆನ್ಸಿನ ತೂಕ ಇದರಲ್ಲಿ ಒಂದಿಷ್ಟನ್ನು ತಿನ್ನುತ್ತದೆ, ಉಳಿದದ್ದು ಹೌಸಿಂಗ್‌ನ (ಕ್ಯಾಮೆರಾ ಕೂರುವ ಪೆಟ್ಟಿಗೆ) ಮೂತಿಯನ್ನು ಮೇಲೆತ್ತುತ್ತದೆ. ಒಂದು ಗಂಟೆ ಅದನ್ನು ಒತ್ತಿ ಹಿಡಿದ ಮಣಿಕಟ್ಟು ಸಂಜೆಗೆ ನೆನಪಿಸುತ್ತದೆ. ಎಕ್ಸ್‌ಟೆನ್ಷನ್ ರಿಂಗ್‌ನ ಕೆಳಗೆ ಸೀಸದ ತೂಕ ಕಟ್ಟಿ ಸಮ ಮಾಡಬೇಕು. ಹಿಂದಿನ ಹಿಡಿಕೆಗೆ ಕಟ್ಟಿದರೆ ಮೂತಿ ಇನ್ನೂ ಏಳುತ್ತದೆ. ಗಾಜಿನ ಡೋಮ್ ಭಾರ, ಹಾಗಾಗಿ ನೀರಿನಲ್ಲಿ ಸಮವಾಗಿ ನಿಲ್ಲುತ್ತದೆ. ಅಕ್ರಿಲಿಕ್ ಹಗುರ, ಪ್ರಯಾಣಕ್ಕೆ ಹಿತ, ನೀರಿನಲ್ಲಿ ತೇಲಾಟ ಹೆಚ್ಚು.

ಗಾಜೋ ಅಕ್ರಿಲಿಕ್ಕೋ ಎಂಬ ಜಗಳದಲ್ಲಿ ಎರಡೂ ಕಡೆ ಹುರುಳಿದೆ. ಅಕ್ರಿಲಿಕ್‌ನ ವಕ್ರೀಭವನಾಂಕ 1.49, ಗಾಜಿನದು 1.52. ಅಕ್ರಿಲಿಕ್ ನೀರಿಗೆ ಸ್ವಲ್ಪ ಹತ್ತಿರವಾದ್ದರಿಂದ ಹೊರಗಿನ ಸಣ್ಣ ಗೀರಿನೊಳಗೆ ನೀರು ತುಂಬಿದಾಗ ಗೀರು ಕಾಣದೇ ಹೋಗುತ್ತದೆ, ಉಳಿದದ್ದನ್ನು 1500ರಿಂದ 12000 ಗ್ರಿಟ್‌ವರೆಗಿನ ಮೈಕ್ರೊಮೆಶ್ ಬಟ್ಟೆಯಿಂದ ಹಂತಹಂತವಾಗಿ ಉಜ್ಜಿ ತೆಗೆಯಬಹುದು. ಗಾಳಿಯ ಅರ್ಧದಲ್ಲಿ ಅದೇ ಗೀರು ಎದ್ದು ಕಾಣುತ್ತದೆ. ಗಾಜು ಬೇಗ ಗೀರು ಬೀಳಿಸಿಕೊಳ್ಳದು, ಬಿದ್ದರೆ ಉಜ್ಜಲೂ ಆಗದು, ಗಾಜನ್ನೇ ಬದಲಿಸಬೇಕು. ಅದರ ಮೇಲಿನ ಪ್ರತಿಫಲನ ತಡೆಯುವ ಲೇಪ ಸೂರ್ಯನನ್ನು ಚೌಕಟ್ಟಿನಲ್ಲಿಟ್ಟು ತೆಗೆಯುವಾಗ ನಿಜಕ್ಕೂ ಸಹಾಯಕ. ಲೆನ್ಸಿನ ಮೂತಿಯ ಸುತ್ತಲಿನ ಬಿಳಿ ಅಕ್ಷರಗಳು ಡೋಮ್‌ನ ಒಳಮೈಯಲ್ಲಿ ಪ್ರತಿಫಲಿಸಿ ಚಿತ್ರದಲ್ಲಿ ತಿರುಗುಮುರುಗಾಗಿ ಮೂಡುವುದುಂಟು. ಅವುಗಳ ಮೇಲೆ ಕಪ್ಪು ಟೇಪ್ ಅಂಟಿಸಿ.

ಇನ್ನು ಎಕ್ಸ್‌ಟೆನ್ಷನ್ ರಿಂಗ್. ಲೆನ್ಸಿನ ಎಂಟ್ರೆನ್ಸ್ ಪ್ಯೂಪಿಲ್ ಡೋಮ್‌ನ ವಕ್ರತಾ ಕೇಂದ್ರಕ್ಕೆ ಬರುವಂತೆ ಮಾಡುವುದು ಈ ಉಂಗುರದ ಕೆಲಸ. ಉಂಗುರ ಗಿಡ್ಡವಾದರೆ ಲೆನ್ಸ್ ಡೋಮ್‌ಗೆ ಹತ್ತಿರವಾಗಿ, ಚಪ್ಪಟೆ ಪೋರ್ಟ್‌ನ ದೋಷಗಳೇ ಸಣ್ಣದಾಗಿ ಮರಳುತ್ತವೆ: ಗೆರೆಗಳು ಒಳಕ್ಕೆ ಬಾಗುತ್ತವೆ, ಕೋನ ಕುಗ್ಗುತ್ತದೆ, ಬಣ್ಣದ ಅಂಚು ಹತ್ತುತ್ತದೆ. ಉದ್ದವಾದರೆ ಗೆರೆಗಳು ಹೊರಕ್ಕೆ ಉಬ್ಬುತ್ತವೆ, ಡೋಮ್‌ನ ಅಂಚೋ ಅದರ ಸುತ್ತ ಬಿಸಿಲು ತಡೆಯುವ ನೆರಳು-ಎಲೆಯೋ ಮೂಲೆಯಲ್ಲಿ ಕಪ್ಪಾಗಿ ಕಾಣುತ್ತದೆ. 10 ಮಿ.ಮೀ. ತಪ್ಪು 115 ಮಿ.ಮೀ. ತ್ರಿಜ್ಯದಲ್ಲಿ ಅಷ್ಟಾಗಿ ತೊಂದರೆ ಕೊಡದಿರಬಹುದು, 50 ಮಿ.ಮೀ. ತ್ರಿಜ್ಯದಲ್ಲಿ ಚಿತ್ರವನ್ನೇ ಕೆಡಿಸುತ್ತದೆ. ಹೌಸಿಂಗ್ ತಯಾರಕರು ಯಾವ ಲೆನ್ಸಿಗೆ ಎಷ್ಟು ಉಂಗುರ ಎಂಬ ಪಟ್ಟಿ ಕೊಡುತ್ತಾರೆ, ಅದನ್ನೇ ಮೊದಲು ನಂಬಿ. ಒಂದು ಕಂಪನಿಯ ಹೌಸಿಂಗ್‌ಗೆ ಅಡಾಪ್ಟರ್ ಮೂಲಕ ಇನ್ನೊಂದರ ಡೋಮ್ ಹಾಕುವವರು ಮಾತ್ರ ತಾವೇ ಅಳೆಯಬೇಕು. ಕ್ಯಾಮೆರಾವನ್ನು ಟ್ರೈಪಾಡ್‌ನ ಮೇಲೆ ಹಿಂದೆ ಮುಂದೆ ಜಾರುವ ಪಟ್ಟಿಗೆ ಕೂರಿಸಿ, ಝೂಮ್ ಅಗಲದ ತುದಿಗೆ ತನ್ನಿ. ಅರ್ಧ ಮೀಟರ್ ದೂರದ ಒಂದು ಕಡ್ಡಿಯನ್ನು ದೂರದ ಕಂಬದೊಂದಿಗೆ ಒಂದೇ ಗೆರೆಗೆ ತನ್ನಿ. ಕ್ಯಾಮೆರಾವನ್ನು ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಕಡ್ಡಿ ಕಂಬದಿಂದ ಸರಿಯುತ್ತಿದ್ದರೆ ಪಟ್ಟಿಯನ್ನು ಜಾರಿಸಿ. ಸರಿಯದೆ ನಿಂತ ಜಾಗದಲ್ಲಿ ತಿರುಗುವ ಅಕ್ಷದ ನೇರಕ್ಕೆ ಎಂಟ್ರೆನ್ಸ್ ಪ್ಯೂಪಿಲ್ ಇದೆ. ಲೆನ್ಸ್ ಮೌಂಟ್‌ನಿಂದ ಅಲ್ಲಿಗೆ ಎಷ್ಟೆಂದು ಅಳೆದು ಬರೆದಿಟ್ಟುಕೊಳ್ಳಿ. ಝೂಮ್ ಮಾಡಿದಾಗ ಆ ಬಿಂದು ಸರಿಯುತ್ತದೆ, ಆದರೆ ಕೋನ ಕಿರಿದಾದಾಗ ತಪ್ಪು ಕಡಿಮೆ ಕಾಣುವುದರಿಂದ ಅಗಲದ ತುದಿಗೇ ಹೊಂದಿಸಬೇಕು.

ಮೂಲೆಗೆ ಇನ್ನೊಂದು ಊರುಗೋಲು, ಲೆನ್ಸಿನ ಫಿಲ್ಟರ್ ತಿರುಪಿಗೆ ಹಾಕುವ ತಿದ್ದುಮಸೂರ. ಸೀ ಅಂಡ್ ಸೀ ಕಂಪನಿಯ ಇಂಥ ಒಳಮಸೂರ ಬಿಂಬದ ಬಾಗನ್ನು ಒಂದಿಷ್ಟು ನೆಟ್ಟಗೆ ಮಾಡುತ್ತದೆ. ಹಿಂದೆಲ್ಲ ಹತ್ತಿರದ ಫೋಕಸ್‌ಗಾಗಿ ಪ್ಲಸ್ 2, ಪ್ಲಸ್ 3 ಕ್ಲೋಸಪ್ ಮಸೂರ ಹಾಕುತ್ತಿದ್ದರು. ಅವು ಫೋಕಸ್ ಕೊಡುತ್ತವೆ, ಅಂಚನ್ನು ಕೆಡಿಸುತ್ತವೆ. ನಿಕಾನ್ 14–24 ಮಿ.ಮೀ. ಎಫ್/2.8ಜಿಯಂಥ ಉಬ್ಬುಕಣ್ಣಿನ ಲೆನ್ಸಿಗೆ ಫಿಲ್ಟರ್ ತಿರುಪೇ ಇಲ್ಲ. ಅದರ ದೇಹ 98 ಮಿ.ಮೀ. ದಪ್ಪ, ಎಷ್ಟೋ ಹೌಸಿಂಗ್‌ಗಳ ಪೋರ್ಟ್ ಬಾಯಿಯಲ್ಲಿ ತೂರದು. ಕೊಳ್ಳುವ ಮುನ್ನ ಝೂಮ್ ಗೇರ್ (ಹೌಸಿಂಗ್‌ನ ಹೊರಗಿನಿಂದ ಝೂಮ್ ತಿರುಗಿಸುವ ಹಲ್ಲುಚಕ್ರ) ಸಿಗುತ್ತದೆಯೇ ಎಂದೂ ಕೇಳಿ. ಗೇರ್ ಇಲ್ಲದ ಝೂಮ್ ನೀರೊಳಗೆ ಒಂದೇ ಕೋನದ ಲೆನ್ಸ್.

ಎಲ್ಲ ಜೋಡಿಸಿದ ಮೇಲೆ ಕಡಲಿಗೆ ಒಯ್ಯುವ ಮೊದಲು ಈಜುಕೊಳದಲ್ಲಿ ಪರೀಕ್ಷಿಸಿ. ಹೆಂಚು ಹಾಕಿದ ಗೋಡೆಗೆ ನೇರ ನಿಂತು, ಡೋಮ್‌ನಿಂದ 80 ಸೆಂ.ಮೀ. ದೂರದಲ್ಲಿ, ಝೂಮ್‌ನ ಎರಡು ತುದಿ ಮತ್ತು ನಡುವೆ, ಪ್ರತಿಯೊಂದರಲ್ಲೂ ಎಫ್/5.6, 8, 11, 16ರಲ್ಲಿ ತೆಗೆಯಿರಿ. ಹೆಂಚಿನ ಗೆರೆ ಎತ್ತ ಬಾಗುತ್ತದೆ ಎಂಬುದರಿಂದ ಉಂಗುರದ ಉದ್ದ, ಮೂಲೆಯ ಹೆಂಚು ಯಾವ ಎಫ್‌ನಲ್ಲಿ ತಿಳಿಯಾಗುತ್ತದೆ ಎಂಬುದರಿಂದ ನಿಮ್ಮ ಕೆಲಸದ ಅಪರ್ಚರ್ ಗೊತ್ತಾಗುತ್ತದೆ. ಒಂದು ಮೂಲೆ ಮಾತ್ರ ಕೆಟ್ಟಿದ್ದರೆ ದೋಷ ಡೋಮ್‌ನ ಬಾಗಿನದಲ್ಲ, ಲೆನ್ಸ್ ಓರೆಯಾಗಿದೆ ಅಥವಾ ಪೋರ್ಟ್ ಸರಿಯಾಗಿ ಕೂತಿಲ್ಲ. ಪೋರ್ಟ್ ಕೂರಿಸುವಾಗ ನೀರು ತಡೆಯುವ ರಬ್ಬರ್ ಬಳೆ, ಅಂದರೆ ಓ-ರಿಂಗ್‌ನ, ತೋಡು ಒರೆಸಿ, ತಯಾರಕರು ಹೇಳಿದ ಗ್ರೀಸನ್ನೇ ಹೊಳಪು ಬರುವಷ್ಟು ಮಾತ್ರ ಸವರಿ. ಸಿಲಿಕೋನ್ ಗ್ರೀಸ್ ಸಿಲಿಕೋನ್ ಓ-ರಿಂಗ್ ಅನ್ನು ಉಬ್ಬಿಸುತ್ತದೆ. ಒಂದು ಕೂದಲು ಸಿಕ್ಕಿಕೊಂಡರೂ ನೀರು ದಾರಿ ಮಾಡಿಕೊಳ್ಳುತ್ತದೆ. ವ್ಯಾಕ್ಯೂಮ್ ಪಂಪ್ ಇದ್ದರೆ ಗಾಳಿ ಎಳೆದು ಅರ್ಧ ಗಂಟೆ ಬಿಟ್ಟು, ಒತ್ತಡ ಹಾಗೇ ನಿಂತಿದೆಯೇ ನೋಡಿ.

ನಮ್ಮ ಕೋರಿಕೆ ಇಷ್ಟೇ. ಮುಂದೆ ನೀರೊಳಗಿನ ಚಿತ್ರ ಅಚ್ಚು ಹಾಕುವಾಗ ಛಾಯಾಗ್ರಾಹಕರಿಂದ ನಾಲ್ಕು ಸಂಗತಿ ಹೆಚ್ಚಿಗೆ ಕೇಳಿ: ಡೋಮ್ ಗಾಜೋ ಅಕ್ರಿಲಿಕ್ಕೋ, ಅದರ ವಕ್ರತಾ ತ್ರಿಜ್ಯ, ಉಂಗುರದ ಉದ್ದ, ವಸ್ತುವಿನ ದೂರ. ಅಡಿಬರಹ ಹೀಗಿರಬಹುದು: «16–35 ಮಿ.ಮೀ. ಝೂಮ್, 18 ಮಿ.ಮೀ.ನಲ್ಲಿ, ಎಫ್/11, 1/125 ಸೆಕೆಂಡು, ಐಎಸ್‌ಒ 400, ಗಾಜಿನ ಡೋಮ್, ತ್ರಿಜ್ಯ 110 ಮಿ.ಮೀ.; ಉಂಗುರ 70 ಮಿ.ಮೀ.; ವಸ್ತು ಡೋಮ್‌ನಿಂದ 60 ಸೆಂ.ಮೀ.» ಪುಟದಲ್ಲಿ ಹೆಚ್ಚಾಗುವುದು ಒಂದು ಸಾಲು.

ಇಂತಿ,
ನೀರೊಳಗಿನ ಛಾಯಾಗ್ರಹಣದಲ್ಲಿ ತೊಡಗಿರುವ ಓದುಗರು